ಕಡಿಯಬಾರದ ಎಳೆ

ಕೊಪ್ಪಳಕ್ಕೆ ಸಮೀಪದಲ್ಲಿರುವ ಕಿನ್ನಾಳವೆಂಬ ಊರು ಬಣ್ಣದ ಬೊಂಬೆಗಳಿಗೆ ಹೆಸರಾದುದು. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಆರಿಸಿ ತಂದು, ಕೆತ್ತಿ, ಬಿಡಿಭಾಗಗಳನ್ನು ಜೋಡಿಸುತ್ತಾರೆ. ಸಂದುಗಳ ಮೇಲೆ ನಾರಿನ ಚೂರುಗಳನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಮೆತ್ತುತ್ತಾರೆ. ಅದು ಒಣಗಿ ಗಟ್ಟಿಯಾದ ಮೇಲೆ ಬಣ್ಣ ಹಚ್ಚುತ್ತಾರೆ. ಈ ಕೆಲಸವನ್ನು ಯಾರೂ ಪುಸ್ತಕವನ್ನೋದಿ ಕಲಿತಿಲ್ಲ. ಅಂಟು ಎಷ್ಟು ಹದವಾಗಿರಬೇಕು, ಉಳಿ ಎಲ್ಲಿ ತಡೆಯಬೇಕು ಎಂಬುದೆಲ್ಲ ಹಿರಿಯರ ಕೈಯನ್ನು ನೋಡುತ್ತ ಕಿರಿಯರು ಕಲಿತ ವಿದ್ಯೆ. ಒಂದು ತಲೆಮಾರಿನವರು ಉಳಿಯನ್ನು ಕೆಳಗಿಟ್ಟರೆ ಸಾಕು, ಬೊಂಬೆಗಳು ಉಳಿದರೂ ಬೊಂಬೆ ಮಾಡುವ ವಿದ್ಯೆ ಉಳಿಯುವುದಿಲ್ಲ. ಆಮೇಲೆ ಎಷ್ಟು ಹಣ ಸುರಿದರೂ ಅದನ್ನು ಸಂತೆಯಲ್ಲಿ ಕೊಂಡುತರಲಾಗದು.

ಈ ಮಾತಿನ ಅರ್ಥ ನನಗೆ ಚೆನ್ನಾಗಿ ಹೊಳೆದದ್ದು ಕಿನ್ನಾಳದಲ್ಲಿ ಅಲ್ಲ, ಬೆಂಗಳೂರಿನಲ್ಲಿ. ಉಪಾಧ್ಯಾಯನಾಗಿದ್ದಾಗ ಒಮ್ಮೆ ಯಲಬುರ್ಗಾ ಮತ್ತು ಕುಷ್ಟಗಿ ಕಡೆಯ ಮಕ್ಕಳನ್ನು ಪ್ರವಾಸಕ್ಕೆಂದು ಅಲ್ಲಿಗೆ ಕರೆದೊಯ್ದಿದ್ದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಯುದ್ಧವಿಮಾನ ನಿಂತಿದೆ. ಚೂಪಾದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳು. ಅದರ ಹೆಸರು ‘ಮಾರುತ’. ಇದು ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡು ಸಿದ್ಧವಾದ ವಿಮಾನವೆಂದು ನಾನು ಹೆಮ್ಮೆಯಿಂದ ಹೇಳಿದೆ. ಮಕ್ಕಳು ಕಣ್ಣರಳಿಸಿ ನೋಡಿದರು. ಆದರೆ ಒಬ್ಬ ಬಾಲಕಿ ಕೇಳಿದಳು: “ಸರ, ಇದನ್ನ ನಮ್ಮವರ ಮಾಡ್ಯಾರ ಅಂದ್ರ, ಮುಂದ ಯಾಕ ಬಿಟ್ಟರು?” ನಾನು “ತಕ್ಕ ಎಂಜಿನು ಸಿಗಲಿಲ್ಲವ್ವಾ” ಎಂದು ಹೇಳಿ ಮುಂದೆ ನಡೆದೆ. ಆ ಉತ್ತರ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಅಂದು ಅರ್ಧಕ್ಕೆ ಬಿಟ್ಟ ಉತ್ತರವನ್ನು ಇಂದು ನಿಮ್ಮ ಮುಂದೆ ಪೂರ್ಣಗೊಳಿಸಲು ಯತ್ನಿಸುತ್ತೇನೆ.

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. ವಿಮಾನವನ್ನು ತಯಾರಿಸುವುದು ಬೇರೆ, ವಿಮಾನವನ್ನು ವಿನ್ಯಾಸ ಮಾಡುವುದು ಬೇರೆ. ಪರದೇಶದವರು ಬರೆದುಕೊಟ್ಟ ನಕ್ಷೆಯನ್ನು ಮುಂದಿಟ್ಟುಕೊಂಡು ಜಾಣ ಕೆಲಸಗಾರರು ವಿಮಾನವನ್ನು ಜೋಡಿಸಬಲ್ಲರು. ಅದೂ ಸಣ್ಣ ಕೆಲಸವಲ್ಲ. ಆದರೆ ರೆಕ್ಕೆ ಇಷ್ಟೇ ಏಕೆ ಬಾಗಿರಬೇಕು, ಈ ತಗಡು ಇಷ್ಟೇ ದಪ್ಪ ಏಕಿರಬೇಕು ಎಂಬುದು ನಕ್ಷೆಯಲ್ಲಿ ಬರೆದಿರುವುದಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಲೆಕ್ಕವನ್ನು ನೋಡಿ ಬರೆದ ಹುಡುಗನ ಉತ್ತರ ಸರಿಯಾಗಿರಬಹುದು. ಆದರೆ ಮುಂದಿನ ಲೆಕ್ಕಕ್ಕೂ ಅವನು ಅದೇ ಹುಡುಗನ ಪಕ್ಕದಲ್ಲಿಯೇ ಕೂರಬೇಕಾಗುತ್ತದೆ. ಈ ‘ಏಕೆ’ ಎಂಬುದನ್ನು ಬಲ್ಲವರ ಕೂಟವೇ ವಿನ್ಯಾಸ ಸಂಸ್ಥೆ.

ನಮ್ಮ ನಾಡಿನಲ್ಲಿ ಈ ಕತೆ ಆರಂಭವಾದದ್ದು 1940ರಲ್ಲಿ. ಆಗ ಕೊಪ್ಪಳ, ಯಲಬುರ್ಗಾಗಳು ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿಗಳೂ ನಿಜಾಮರ ಆಳ್ವಿಕೆಯಲ್ಲಿದ್ದವು. ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ಮಾತ್ರ ವಿದ್ಯುತ್ತು, ಕಾರ್ಖಾನೆ, ವಿಜ್ಞಾನ ಸಂಸ್ಥೆಗಳು ಬೆಳೆಯುತ್ತಿದ್ದವು. ವಾಲಚಂದ ಹೀರಾಚಂದರೆಂಬ ಉದ್ಯಮಿಗಳು ವಿಮಾನ ಕಾರ್ಖಾನೆಯನ್ನು ಕಟ್ಟಬೇಕೆಂದು ಹೊರಟಾಗ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದ ಮೈಸೂರು ಸರಕಾರವು ಬೆಂಗಳೂರಿನ ಹೊರವಲಯದಲ್ಲಿ 700 ಎಕರೆ ನೆಲವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ನೀಡಿ ಬೆಂಬಲಕ್ಕೆ ನಿಂತಿತು. 1940ರ ಡಿಸೆಂಬರ್ 23ರಂದು ‘ಹಿಂದೂಸ್ಥಾನ್ ಏರ್‌ಕ್ರಾಫ್ಟ್’ ಸಂಸ್ಥೆ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಭಾರತ ಸರಕಾರದ ಆಡಳಿತಕ್ಕೆ ಬಂದು, ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ತಾಣವಾಯಿತು. ಯುದ್ಧ ಮುಗಿದ ಮೇಲೆ ಕೆಲಸ ಸಾಲದೆ ರೈಲುಬಂಡಿಯ ಡಬ್ಬಿಗಳನ್ನೂ ತಯಾರಿಸಿತು. ಇದೇ ಸಂಸ್ಥೆ 1964ರಲ್ಲಿ ‘ಹಿಂದೂಸ್ಥಾನ್ ಏರೋನಾಟಿಕ್ಸ್’ ಎಂಬ ಹೆಸರನ್ನು ಪಡೆಯಿತು. ನಾವು ಸಾಮಾನ್ಯವಾಗಿ ಎಚ್.ಎ.ಎಲ್. ಎಂದು ಕರೆಯುವುದು ಇದನ್ನೇ.

ದುರಸ್ತಿಯ ಗದ್ದಲದ ನಡುವೆ ಒಂದು ಮೂಲೆಯಲ್ಲಿ ಕುಳಿತು ‘ಏಕೆ’ ಎಂದು ಕೇಳಿದವರು ಡಾ. ವಿಷ್ಣು ಮಾಧವ ಘಾಟಗೆಯವರು. ಕೊಲ್ಲಾಪುರ ಸೀಮೆಯಲ್ಲಿ ಹುಟ್ಟಿದ ಅವರು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ, ವಾಯುಗತಿಶಾಸ್ತ್ರದ ಪಿತಾಮಹರೆನಿಸಿದ ಪ್ರಾಂಟಲ್‌ರ ಬಳಿ ಕಲಿತು ಬಂದಿದ್ದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಎರಡು ಆಸನಗಳ ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಬೆಂಗಳೂರಿನ ಆಕಾಶಕ್ಕೆ ಏರಿತು. ನಡೆಸಿದವರು ಜಮಶೇದ್ ಮುನ್ಷಿ. ಅಂಥ ವಿಮಾನಗಳು ನೂರೈವತ್ತಕ್ಕೂ ಹೆಚ್ಚು ತಯಾರಾದವು. ನಮ್ಮ ವಾಯುಪಡೆಯ ಎಷ್ಟೋ ಮಂದಿ ಹಾರಾಟದ ಮೊದಲ ಪಾಠವನ್ನು ಅದರಲ್ಲಿಯೇ ಕಲಿತರು. ಆಫ್ರಿಕದ ಘಾನಾ ದೇಶವೂ ಅದನ್ನು ಕೊಂಡಿತು. ಘಾಟಗೆಯವರ ಗರಡಿಯಲ್ಲಿ ಬೆಳೆದವರ ಕೈಯಿಂದ 1964ರಲ್ಲಿ ‘ಕಿರಣ್’ ಎಂಬ ಜೆಟ್ ತರಬೇತಿ ವಿಮಾನವೂ ಮೇಲೆದ್ದಿತು.

ನಮ್ಮ ನಾಲ್ಕು ತಾಲೂಕುಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಅದೇ ವರ್ಷದ ಆಗಸ್ಟಿನಲ್ಲಿ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ಜರ್ಮನ್ ವಿನ್ಯಾಸಕಾರರು ತಮ್ಮ ಸಂಗಡಿಗರೊಡನೆ ಬೆಂಗಳೂರಿಗೆ ಬಂದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಯುದ್ಧವಿಮಾನ ಬೇಕೆಂಬುದು ವಾಯುಪಡೆಯ ಬಯಕೆಯಾಗಿತ್ತು. ಆಗ ಎಚ್.ಎ.ಎಲ್.ನ ವಿನ್ಯಾಸ ಶಾಖೆ ತೀರ ಚಿಕ್ಕದು. ಅನುಭವವೆಂದರೆ ಪುಟ್ಟ ತರಬೇತಿ ವಿಮಾನದ್ದು ಮಾತ್ರ. ಜರ್ಮನರೂ ನಮ್ಮ ತರುಣ ಎಂಜಿನಿಯರುಗಳೂ ಅಕ್ಕಪಕ್ಕದಲ್ಲಿ ಕುಳಿತು ದುಡಿದರು. ಲೋಹದ ವಿಮಾನಕ್ಕೆ ಮೊದಲು ಅದೇ ಅಳತೆಯ ಮರದ ವಿಮಾನವೊಂದನ್ನು, ಎಂಜಿನಿಲ್ಲದೆ, ಕಟ್ಟಿದರು. ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿ, ಬಾನಿನಲ್ಲಿ ಬಿಡುತ್ತಿತ್ತು. ಹೀಗೆ 1959ರಿಂದ ತೇಲಿಸಿ ತೇಲಿಸಿ ಅದರ ಗುಣದೋಷಗಳನ್ನು ಪರೀಕ್ಷಿಸಿದರು. ಕೊನೆಗೆ 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪರೀಕ್ಷಾ ಚಾಲಕರು ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು. ಕೆಲಸಕ್ಕೆ ಕೈಹಚ್ಚಿದ ಐದು ವರ್ಷಗಳೊಳಗೆ ಇಂಥ ವಿಮಾನ ಹಾರಿದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಮಾರುತಕ್ಕೆಂದು ಎಣಿಸಿದ್ದ ಬಲವಾದ ಎಂಜಿನು ಬರಲೇ ಇಲ್ಲ. ಬ್ರಿಟನ್ನಿನ ಕಂಪನಿಯೊಂದು ಅದನ್ನು ಅಭಿವೃದ್ಧಿಪಡಿಸುತ್ತಿತ್ತು. ಅಲ್ಲಿಯವರು ಕೈಬಿಟ್ಟಾಗ, ಉಳಿದ ವೆಚ್ಚವನ್ನು ಭಾರತ ಭರಿಸಬೇಕಾಗುತ್ತಿತ್ತು. ನಮ್ಮ ಸರಕಾರ ಅದಕ್ಕೆ ಒಪ್ಪಲಿಲ್ಲ. ಬೇರೆ ಬೇರೆ ದೇಶಗಳ ಎಂಜಿನುಗಳನ್ನು ಹುಡುಕಿದ್ದೂ ಫಲಿಸಲಿಲ್ಲ. ಸಣ್ಣ ಎಂಜಿನುಗಳೆರಡನ್ನು ಜೋಡಿಸಿಕೊಂಡು ಮಾರುತವು ಶಬ್ದವೇಗದ ಆಸುಪಾಸಿನಲ್ಲಿಯೇ ಉಳಿಯಿತು. ಆ ಎಂಜಿನಿಗೆ ಹೆಚ್ಚಿನ ಬಲ ಕೊಡಲು ಬೆಂಗಳೂರಿನಲ್ಲಿಯೇ ಯತ್ನ ನಡೆಯಿತು. ಹಾಗೆ ಮಾರ್ಪಡಿಸಿದ ವಿಮಾನವನ್ನು 1970ರ ಜನವರಿ 10ರಂದು ಹಾರಿಸುವಾಗ ಅಪಘಾತವಾಗಿ ಸುರಂಜನ್ ದಾಸ್ ಮಡಿದರು. ಎಚ್.ಎ.ಎಲ್. ಪಕ್ಕದ ರಸ್ತೆಗೆ ಇಂದಿಗೂ ಅವರ ಹೆಸರಿದೆ. ಅಲ್ಲಿ ದಿನವೂ ಓಡಾಡುವ ಸಾವಿರಾರು ಜನರಲ್ಲಿ ಆ ಹೆಸರಿನ ಕತೆಯನ್ನು ಬಲ್ಲವರೆಷ್ಟು ಮಂದಿಯೋ!

ಇಷ್ಟಾದರೂ ಮಾರುತ ನಿಷ್ಪ್ರಯೋಜಕವಾಗಲಿಲ್ಲ. ಅಂಥ 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ರಣರಂಗದಲ್ಲಿ ಅವು ದುಡಿದವು. ಶತ್ರುವಿಮಾನದೊಡನೆ ನಡೆದ ಕಾಳಗದಲ್ಲಿ ಒಂದು ಮಾರುತವೂ ಬೀಳಲಿಲ್ಲ. ಒಂದು ಎಂಜಿನು ಕೆಟ್ಟರೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಪ್ರಸಂಗಗಳುಂಟು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಪಂಚಾಯಿತಿ ಕಟ್ಟೆಯ ರೇಡಿಯೋದ ಮುಂದೆ ಊರೇ ಕೂಡಿ ವಾರ್ತೆ ಕೇಳುತ್ತಿದ್ದೆವು. ಆ ವಿಮಾನಗಳಲ್ಲಿ ಕೆಲವು ಕನ್ನಡ ನಾಡಿನ ನೆಲದಲ್ಲಿ ಮೂಡಿದವೆಂದು ನಮಗೆ ಯಾರೂ ಹೇಳಿರಲಿಲ್ಲ.

ಬಾಲಕಿಯ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಮುಂದಿನ ಭಾಗದಲ್ಲಿ. ಒಂದು ವಿಮಾನ ಎಣಿಸಿದಷ್ಟು ಯಶಸ್ವಿಯಾಗದಿರುವುದು ದೊಡ್ಡ ಅನಾಹುತವಲ್ಲ. ಮಾರುತದ ಕೊರತೆಗಳಿಂದ ಕಲಿತವರು ಕೂಡಲೇ ಅದರ ಮುಂದಿನ ವಿಮಾನಕ್ಕೆ ಕೈಹಚ್ಚಬೇಕಾಗಿತ್ತು. ಹಾಗಾಗಲಿಲ್ಲ. ಪರದೇಶದ ವಿನ್ಯಾಸಗಳನ್ನು ಪರವಾನಗಿ ಪಡೆದು ತಯಾರಿಸುವುದೇ ಮುಖ್ಯ ಕೆಲಸವಾಯಿತು. ಬೆಂಗಳೂರಿನಲ್ಲಿ ಬ್ರಿಟಿಷರ ನ್ಯಾಟ್, ನಾಸಿಕದಲ್ಲಿ ಸೋವಿಯತ್ ದೇಶದ ಮಿಗ್, ಆನಂತರ ಜಾಗ್ವಾರ್ ಹೀಗೆ ಒಂದಾದ ಮೇಲೊಂದು ಬಂದವು. ಕಾರ್ಖಾನೆಯ ಕೈಗಳಿಗೆ ಬಿಡುವಿರಲಿಲ್ಲ, ಆದರೆ ಹೊಸ ಯುದ್ಧವಿಮಾನವನ್ನು ಚಿಂತಿಸಬೇಕಾದ ಬುದ್ಧಿಗಳಿಗೆ ಕೆಲಸವಿರಲಿಲ್ಲ. ಮಾರುತವನ್ನು ರೂಪಿಸಿದವರು ವಯಸ್ಸಾಗಿ ನಿವೃತ್ತರಾದರು. ಅವರ ಕೈಯನ್ನು ನೋಡಿ ಕಲಿಯಬೇಕಾಗಿದ್ದ ತಲೆಮಾರಿಗೆ ನೋಡಲು ಕೆಲಸವೇ ಇರಲಿಲ್ಲ. ಎಳೆ ಕಡಿದದ್ದು ಇಲ್ಲಿ.

ಕಡಿದ ಎಳೆಯನ್ನು ಮತ್ತೆ ಹೊಸೆಯಲು 1984ರಲ್ಲಿ ಬೆಂಗಳೂರಿನಲ್ಲಿ ‘ವೈಮಾನಿಕ ಅಭಿವೃದ್ಧಿ ಸಂಸ್ಥೆ’ ಹುಟ್ಟಿತು. ಅದರ ಮುಂದಿದ್ದ ಗುರಿ ಹಗುರ ಯುದ್ಧವಿಮಾನ. ಡಾ. ಕೋಟ ಹರಿನಾರಾಯಣರು ಈ ಯೋಜನೆಯನ್ನು ಮುನ್ನಡೆಸಿದರು. ಅಷ್ಟರಲ್ಲಿ ಜಗತ್ತಿನ ವಿಮಾನವಿದ್ಯೆ ಬಹು ದೂರ ಸಾಗಿತ್ತು. ಹೊಸ ಬಗೆಯ ವಿಮಾನಗಳನ್ನು ಬೇಕೆಂದೇ ಅಸ್ಥಿರವಾಗಿ ರಚಿಸುತ್ತಾರೆ. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ನೀವು ಆಡಿರಬಹುದು. ಕೋಲು ಬೀಳದಿರಬೇಕಾದರೆ ಅಂಗೈ ಕ್ಷಣಕ್ಷಣವೂ ಚಲಿಸುತ್ತಿರಬೇಕು. ಅಂಥ ವಿಮಾನದಲ್ಲಿ ಈ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಆ ಲೆಕ್ಕವನ್ನು ಬರೆಯುವ ವಿದ್ಯೆಯನ್ನು ನಮ್ಮವರು ಮೊದಲಿನಿಂದ ಕಲಿಯಬೇಕಾಯಿತು. ಅಮೆರಿಕದ ಕಂಪನಿಯೊಂದರ ನೆರವು ಪಡೆದಿದ್ದರು. 1998ರ ಪೋಖರಣ್ ಪರೀಕ್ಷೆಯ ನಂತರ ಆ ದೇಶ ನಿರ್ಬಂಧ ಹೇರಿ ನಮ್ಮ ಎಂಜಿನಿಯರುಗಳನ್ನು ಹಿಂದಕ್ಕೆ ಕಳುಹಿಸಿತು. ಅವರು ಬೆಂಗಳೂರಿಗೆ ಬಂದು ಇಲ್ಲಿಯೇ ಆ ಕೆಲಸವನ್ನು ಮುಗಿಸಿದರು.

ಈ ವಿಮಾನದ ಮೈಯಲ್ಲಿ ಬಹುಪಾಲು ಲೋಹವೇ ಅಲ್ಲ. ಇಂಗಾಲದ ನಾರಿನ ಪದರಗಳನ್ನು ಅಂಟಿನಲ್ಲಿ ನೆನೆಸಿ, ಕಾಯಿಸಿ, ಗಟ್ಟಿಗೊಳಿಸಿದ ವಸ್ತು ಅದು. ಲೋಹಕ್ಕಿಂತ ಹಗುರ, ಆದರೂ ದೃಢ. ನಾರೂ ಅಂಟೂ ಕೂಡಿದರೆ ಬಲ ಹುಟ್ಟುತ್ತದೆಂಬುದನ್ನು ಕಿನ್ನಾಳದ ಚಿತ್ರಗಾರರು ಎಂದೋ ಕಂಡುಕೊಂಡಿದ್ದರು. ಬೊಂಬೆಗೂ ವಿಮಾನಕ್ಕೂ ಅಜಗಜಾಂತರವಿದೆಯೆಂಬುದು ನಿಜ. ಆದರೆ ತೂಕ ಕಡಿಮೆಯಿರಬೇಕು, ಗಟ್ಟಿತನ ಉಳಿಯಬೇಕು ಎಂಬ ಸಮಸ್ಯೆ ಎರಡಕ್ಕೂ ಒಂದೇ. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಎಂಬ ವಾಯುಪಡೆಯ ಅಧಿಕಾರಿ ಈ ವಿಮಾನವನ್ನು ಬೆಂಗಳೂರಿನಿಂದ ಹಾರಿಸಿದರು. 2003ರಲ್ಲಿ ಅದಕ್ಕೆ ‘ತೇಜಸ್’ ಎಂಬ ಹೆಸರಾಯಿತು. 2016ರಲ್ಲಿ ವಾಯುಪಡೆಯ ದಳವನ್ನು ಸೇರಿತು. ಮಾರುತದ ಮೊದಲ ಹಾರಾಟಕ್ಕೂ ತೇಜಸ್ಸಿನ ಮೊದಲ ಹಾರಾಟಕ್ಕೂ ನಡುವಿನ ಅಂತರ ಸುಮಾರು ನಲವತ್ತು ವರ್ಷ. ಎಳೆ ಕಡಿದುದಕ್ಕೆ ನಾವು ತೆತ್ತ ಬೆಲೆ ಅದು.

ಇದಕ್ಕೆ ಆಕ್ಷೇಪಣೆಗಳು ಇಲ್ಲದೆ ಇಲ್ಲ. “ತೇಜಸ್ಸಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತಲ್ಲ, ಅಷ್ಟು ಕಾಲ, ಅಷ್ಟು ಹಣ ವ್ಯಯಿಸುವ ಬದಲು ಕೊಂಡುತರಬಾರದಿತ್ತೇ?” ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ವಿಳಂಬವಾಯಿತು. ತೇಜಸ್ಸಿನ ಎಂಜಿನು ಇಂದಿಗೂ ಅಮೆರಿಕದ್ದು. ಅದಕ್ಕೆಂದು ಬೆಂಗಳೂರಿನಲ್ಲಿ ಆರಂಭಿಸಿದ ‘ಕಾವೇರಿ’ ಎಂಜಿನು ಬೇಕಾದಷ್ಟು ಬಲವನ್ನು ಕೊಡಲಿಲ್ಲವಾಗಿ 2008ರಲ್ಲಿ ಅದನ್ನು ಈ ವಿಮಾನದಿಂದ ಬೇರ್ಪಡಿಸಲಾಯಿತು. ಇಪ್ಪತ್ಮೂರು ವರ್ಷ ಅಪಘಾತವಿಲ್ಲದೆ ಹಾರಿದ ಮೇಲೆ 2024ರಲ್ಲಿ ಜೈಸಲ್ಮೇರ್ ಬಳಿ ಒಂದು ತೇಜಸ್ ಬಿದ್ದಿತು. 2025ರಲ್ಲಿ ದುಬೈ ನಗರದ ಪ್ರದರ್ಶನದಲ್ಲಿ ಇನ್ನೊಂದು ಬಿದ್ದು ಚಾಲಕರು ಪ್ರಾಣ ಕಳೆದುಕೊಂಡರು. ಇವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೊದಲ ವಿಮಾನದ ವೆಚ್ಚದಲ್ಲಿ ಶಾಲೆಯ ಶುಲ್ಕವೂ ಸೇರಿರುತ್ತದೆಂಬುದನ್ನು ಮರೆಯಬಾರದು. ಒಮ್ಮೆ ಶುಲ್ಕ ಕೊಟ್ಟು ಕಲಿತ ಪಾಠವನ್ನು ಮರೆತು, ಮತ್ತೊಮ್ಮೆ ಒಂದನೆಯ ತರಗತಿಗೆ ಸೇರಿದವನಿಗೆ ಖರ್ಚು ಇಮ್ಮಡಿಯಾಗುವುದು ಸಹಜ. ದುಬಾರಿಯಾದದ್ದು ಕಲಿಕೆಯಲ್ಲ, ಮರೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ವಿನ್ಯಾಸ ಸಂಸ್ಥೆಯನ್ನು ಒಡೆಯಲು ದೊಣ್ಣೆಯೂ ಬೇಕಾಗಿಲ್ಲ, ಕೆಲಸ ಕೊಡದೆ ಸುಮ್ಮನೆ ಕೂರಿಸಿದರೆ ಸಾಕು.

ಎಳೆ ಕಡಿಯದಿದ್ದಲ್ಲಿ ಏನಾಗುತ್ತದೆಂಬುದಕ್ಕೂ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ಎಚ್.ಎ.ಎಲ್.ನ ಹೆಲಿಕಾಪ್ಟರ್ ವಿಭಾಗದವರು ಜರ್ಮನ್ ಕಂಪನಿಯೊಂದರ ನೆರವಿನೊಡನೆ ರೂಪಿಸಿದ ‘ಧ್ರುವ’ 1992ರಲ್ಲಿ ಮೊದಲು ಹಾರಿತು. ಅದೇ ತಂಡದವರೂ ಅವರ ಶಿಷ್ಯರೂ ಕೆಲಸ ನಿಲ್ಲಿಸಲಿಲ್ಲ. ಧ್ರುವದ ಅನುಭವದ ಮೇಲೆ ಕಟ್ಟಿದ ಹಗುರ ಯುದ್ಧ ಹೆಲಿಕಾಪ್ಟರು 2010ರಲ್ಲಿ ಹಾರಿ, 2022ರಲ್ಲಿ ‘ಪ್ರಚಂಡ’ ಎಂಬ ಹೆಸರಿನಿಂದ ವಾಯುಪಡೆಯನ್ನು ಸೇರಿತು. 2016ರಲ್ಲಿ ಇನ್ನೊಂದು ಚಿಕ್ಕ ಹೆಲಿಕಾಪ್ಟರು ಹಾರಿತು. ಒಂದರ ಬೆನ್ನಿಗೆ ಒಂದು ಬಂದುದರಿಂದ ಕಲಿತವರು ಚದುರಲಿಲ್ಲ.

ಇನ್ನೊಂದು ನಿದರ್ಶನ ನಿಮಗೆ ಪರಿಚಿತರಾದ ಡಾ. ಅಬ್ದುಲ್ ಕಲಾಂ ಅವರದು. ತರುಣರಾಗಿದ್ದಾಗ ಅವರು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯದಲ್ಲಿ, ನೆಲದಿಂದ ಸ್ವಲ್ಪ ಮೇಲೆ ಗಾಳಿಯ ಮೇಲೆ ತೇಲುವ ‘ನಂದಿ’ ಎಂಬ ವಾಹನವನ್ನು ಸಂಗಡಿಗರೊಡನೆ ನಿರ್ಮಿಸಿದರು. ಆ ಯೋಜನೆಯನ್ನು ಮುಂದೆ ಕೈಬಿಡಲಾಯಿತು. ನಂದಿ ನಿಂತಿತು, ಆದರೆ ಅದನ್ನು ಕಟ್ಟಿದ ತರುಣರ ಕೈ ನಿಲ್ಲಲಿಲ್ಲ. ಕಲಾಂ ಅವರು ಬಾಹ್ಯಾಕಾಶ ಸಂಶೋಧನೆಗೆ ಸೇರಿದರು. ಅವರ ನೇತೃತ್ವದ ಉಪಗ್ರಹವಾಹಕ ರಾಕೆಟ್ಟು 1979ರ ಆಗಸ್ಟಿನಲ್ಲಿ ವಿಫಲವಾಗಿ ಸಮುದ್ರಕ್ಕೆ ಬಿದ್ದಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಪ್ರೊ. ಸತೀಶ್ ಧವನ್ ತಂಡವನ್ನು ಒಡೆಯಲಿಲ್ಲ. ಹನ್ನೊಂದು ತಿಂಗಳ ನಂತರ, 1980ರ ಜುಲೈನಲ್ಲಿ, ಅದೇ ತಂಡದ ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸೋತವರನ್ನು ಚದುರಿಸದೆ ಕೆಲಸದಲ್ಲಿ ಉಳಿಸಿಕೊಂಡುದರ ಫಲ ಇದು.

ಯುದ್ಧವಿಮಾನವನ್ನು ಇಷ್ಟು ಹೊಗಳುವುದು ಸರಿಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಾಗೆ ಅನಿಸುವುದು ಒಳ್ಳೆಯ ಮನಸ್ಸಿನ ಲಕ್ಷಣ. ಯುದ್ಧವು ಯಾರಿಗೂ ಹಿತವಲ್ಲ. ಆದರೆ ಕಾಯುವ ಆಯುಧಕ್ಕಾಗಿ ಪರರ ಬಾಗಿಲಲ್ಲಿ ನಿಂತ ನಾಡು, ಅವರು ಬಾಗಿಲು ಮುಚ್ಚಿದ ದಿನ ಅಸಹಾಯವಾಗುತ್ತದೆ. 1998ರಲ್ಲಿ ನಾವು ಅದನ್ನು ಕಂಡೆವು. ಅಲ್ಲದೆ ಈ ವಿದ್ಯೆ ಯುದ್ಧಕ್ಕೆ ಮಾತ್ರ ಮೀಸಲಲ್ಲ. 1959ರಲ್ಲಿ ಹುಟ್ಟಿ, ಮರುವರ್ಷ ಬೆಂಗಳೂರಿಗೆ ಬಂದು, ಮೈಸೂರು ಮಹಾರಾಜರ ಅರಮನೆಯ ಕುದುರೆಲಾಯದಲ್ಲಿ ಕೆಲಸ ಆರಂಭಿಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಕಟ್ಟಿದ ದೊಡ್ಡ ಗಾಳಿಸುರಂಗದಲ್ಲಿ ಯುದ್ಧವಿಮಾನದ ಮಾದರಿಗಳಂತೆಯೇ ಉಪಗ್ರಹವಾಹಕಗಳ ಮಾದರಿಗಳೂ ಪರೀಕ್ಷೆಗೊಳಗಾದವು.

ನನ್ನ ಅಭಿಪ್ರಾಯ ಇಷ್ಟೇ. ವಿನ್ಯಾಸ ಸಂಸ್ಥೆಯನ್ನು ಅದರ ಒಂದು ವಿಮಾನದ ಗೆಲುವು ಸೋಲುಗಳಿಂದ ಅಳೆಯಬಾರದು. ಮುಂದಿನ ವಿಮಾನವನ್ನು ಮಾಡಬಲ್ಲ ಜನರನ್ನು ಅದು ಬೆಳೆಸಿತೇ ಎಂಬುದೇ ಅಳತೆಗೋಲಾಗಬೇಕು. ಒಂದು ವಿಮಾನ ಮುಗಿಯುವ ಮೊದಲೇ ಇನ್ನೊಂದರ ನಕ್ಷೆ ಮೇಜಿನ ಮೇಲೆ ಬಿಚ್ಚಿರಬೇಕು. ತೇಜಸ್ಸಿನ ಮುಂದಿನ ಪೀಳಿಗೆಯ ಯುದ್ಧವಿಮಾನವನ್ನು ಅಭಿವೃದ್ಧಿಪಡಿಸಲು ಕೇಂದ್ರ ಸರಕಾರವು 2024ರಲ್ಲಿ ಅನುಮತಿ ನೀಡಿದ್ದು ಈ ದೃಷ್ಟಿಯಿಂದ ಸಮಾಧಾನದ ಸಂಗತಿ. ಎಂಜಿನಿನ ಕೆಲಸವನ್ನೂ ಇಂಥದೇ ಹಟದಿಂದ ಮುಂದುವರಿಸಬೇಕು. ಮಾರುತ ಕಲಿಸಿದ ಪಾಠವನ್ನೇ ಕಾವೇರಿಯೂ ಕಲಿಸಬೇಕಾಗಿ ಬಂದುದು ನಮ್ಮ ಮರೆವಿಗೆ ಗುರುತು.

ವಿದ್ಯಾರ್ಥಿಗಳೇ, ಇದೆಲ್ಲ ಬೆಂಗಳೂರಿನವರ ಮಾತು, ಇಂಗ್ಲಿಷ್ ಶಾಲೆಯವರ ಕೆಲಸ, ಗಂಗಾವತಿಯ ಗದ್ದೆಯಂಚಿನವರಿಗೂ ಕುಷ್ಟಗಿಯ ಎರೆಹೊಲದವರಿಗೂ ಇದರಿಂದ ಏನು ಎಂದುಕೊಳ್ಳಬೇಡಿ. ಘಾಟಗೆಯವರ ವಿದ್ಯೆ ಶಿಷ್ಯರಿಂದ ಶಿಷ್ಯರಿಗೆ ಹರಿದಂತೆ ಯಾವ ಊರಿನ ಹುಡುಗ ಹುಡುಗಿಯರಿಗೂ ಹರಿಯಬಲ್ಲುದು. ಅದಕ್ಕೆ ಬೇಕಾದ ಗಣಿತವೂ ವಿಜ್ಞಾನವೂ ನಿಮ್ಮ ಇದೇ ಚೀಲದಲ್ಲಿವೆ. ಲೆಕ್ಕದ ಉತ್ತರವನ್ನು ಪಕ್ಕದವರಿಂದ ಬರೆದುಕೊಳ್ಳದೆ, ತಪ್ಪಾದರೂ ಸರಿಯೇ, ‘ಏಕೆ’ ಎಂದು ಕೇಳಿ ನೀವೇ ಮಾಡಿನೋಡುವುದರಿಂದ ಆ ದಾರಿ ಆರಂಭವಾಗುತ್ತದೆ. ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತು “ಮುಂದ ಯಾಕ ಬಿಟ್ಟರು?” ಎಂದು ಕೇಳಿದ ಆ ಬಾಲಕಿಯ ಪ್ರಶ್ನೆಯನ್ನು ನಿಮ್ಮ ಮಕ್ಕಳು ನಿಮ್ಮನ್ನು ಕೇಳುವ ಸಂದರ್ಭ ಬಾರದಿರಲಿ.